ಕೆರೆಯ ದೋಣಿಯಲ್ಲಿ ಮೂರು ತಿಂಗಳ ಅಡಿಗೆ

ಮುಳಬಾಗಿಲಿನವಳು ನಾನು, ದೋಣಿಯಲ್ಲಿ ಸಂಸಾರ ಮಾಡಿದ್ದೇನೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಮ್ಮ ಕಡೆ ಕುಡಿಯುವ ನೀರಿಗೇ ತತ್ವಾರ, ಇನ್ನು ದೋಣಿ ತೇಲಿಸಲು ನೀರು ಎಲ್ಲಿಂದ ಬಂತು ಎಂದು ಅವರ ಪ್ರಶ್ನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಮಳೆ ಬಿಡದೆ ಹೊಡೆದು, ಊರಿಗೆ ಒಂದೂವರೆ ಮೈಲಿ ದೂರದ ದೊಡ್ಡ ಕೆರೆ ಕೋಡಿ ಬಿದ್ದಿತ್ತು. ಆ ಕೆರೆಯ ಮೇಲೆ, ಹದಿನೆಂಟು ಅಡಿ ಉದ್ದದ ಹಾಯಿದೋಣಿಯೊಳಗೆ, ದಸರೆ ಮುಗಿದಾಗಿನಿಂದ ಸಂಕ್ರಾಂತಿಯ ತನಕ ನಾನು ಅಡಿಗೆ ಮಾಡಿದೆ. ನಗುವವರು ನಗಲಿ. ನನಗೆ ಆ ಮೂರು ತಿಂಗಳ ನೆನಪಾದರೆ ಮೊದಲು ಬರುವುದು ಸಿಟ್ಟು, ಆಮೇಲೆ ಹೊಟ್ಟೆ ಉರಿ.

ದೋಣಿಯ ಹುಚ್ಚು ನಮ್ಮ ಯಜಮಾನರದ್ದು. ಅವರು ಕೋಲಾರದ ಒಂದು ತಾಂತ್ರಿಕ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಶ್ರೀನಿವಾಸಪುರದಲ್ಲಿ, ಮಾವಿನ ತೋಪುಗಳ ನಡುವೆ ಹುಟ್ಟಿದವರು. ಮದುವೆಯಾಗುವವರೆಗೂ ಸಮುದ್ರವನ್ನು ಕಂಡಿದ್ದು ಒಂದೇ ಸಲ, ಅದೂ ಮದರಾಸಿನಲ್ಲಿ ಯಾರದೋ ಮದುವೆಗೆ ಹೋದಾಗ. ಆದರೂ ಯಾವುದೋ ಹಳೆಯ ವಿದೇಶಿ ಪತ್ರಿಕೆಯಲ್ಲಿ ಹಾಯಿದೋಣಿಯ ನಕಾಶೆ ಸಿಕ್ಕಿದ ದಿನದಿಂದ ಅವರಿಗೆ ಊಟ ತಿಂಡಿ ರುಚಿಸದಾಯಿತು. ಶಾಲೆಯ ವರ್ಕ್‌ಶಾಪಿನ ಮೇಷ್ಟ್ರೊಬ್ಬರು ಅವರಿಗೆ ಜೊತೆಯಾದರು. ಟೇಕಲ್ ಕಡೆಯ ಒಕ್ಕಲು ಮನೆತನದವರು, ಆರಡಿಗೂ ಮೇಲೆ ಎತ್ತರ, ಮಾತು ಕಡಿಮೆ, ಕೈಗೆ ಯಾವ ಕಬ್ಬಿಣ ಸಿಕ್ಕಿದರೂ ಬಗ್ಗಿಸುವವರು. ಇಬ್ಬರೂ ಸೇರಿ ಮಾಲೂರಿನಲ್ಲಿ, ಮುಚ್ಚಿಹೋಗಿದ್ದ ಒಂದು ಹೆಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ಎರಡು ವರ್ಷ ಭಾನುವಾರಗಳನ್ನೆಲ್ಲ ಸುರಿದು ದೋಣಿ ಕಟ್ಟಿದರು. ಪ್ಲೈವುಡ್ಡಿನ ಮೈ, ನೀಲಗಿರಿ ಮರದ ಕಂಬ, ಲಾರಿಯ ಟಾರ್ಪಾಲಿನ್ನಿನಿಂದ ಹೊಲಿದ ಹಾಯಿ. ಕಪ್ಪೆಯ ಹಾಗೆ ತಗ್ಗಾದ ಒಂದು ಗೂಡು, ಅದರೊಳಗೆ ಮಲಗಲು ಎರಡು ಹಲಗೆ. ಒಂದು ಐದೂವರೆ ಅಡಿ ಉದ್ದ, ಇನ್ನೊಂದು ಆರೂಕಾಲು.

ಸಂಕ್ರಾಂತಿ ಆದ ಮೇಲೆ ದೋಣಿಯನ್ನು ಲಾರಿಯಲ್ಲಿ ಮದರಾಸಿಗೆ ಸಾಗಿಸಿ, ಅಲ್ಲಿಂದ ದಡದ ಅಂಚು ಹಿಡಿದು ರಾಮೇಶ್ವರದವರೆಗೆ ಹೋಗುವುದು ಎಂದು ತೀರ್ಮಾನವಾಗಿತ್ತು. ನಲವತ್ತು ದಿನದ ಪ್ರಯಾಣ. ಶ್ರೀನಿವಾಸಪುರದಲ್ಲಿ ಅತ್ತೆಗೆ ಈ ಸುದ್ದಿ ಮುಟ್ಟಿಸಿದಾಗ ನಾನೂ ಎದುರಿಗೇ ಇದ್ದೆ. ಅವರು ಮೊದಲು ತೆಲುಗಿನಲ್ಲಿ ಬೈದರು. ಕೋಪ ಬಂದರೆ, ಇಲ್ಲವೇ ಮಾತು ಮುಗಿಯಿತು ಎಂದು ತೋರಿಸಬೇಕಾದರೆ ಅವರು ತೆಲುಗಿಗೆ ಹೊರಳುತ್ತಿದ್ದರು. ರಾಮೇಶ್ವರ ಎಂದು ಕಿವಿಗೆ ಬಿದ್ದ ಮೇಲೆ ಬೈಗಳು ನಿಲ್ಲಿಸಿ, ಹಾಗಾದರೆ ಇವಳನ್ನೂ ಕರೆದುಕೊಂಡು ಹೋಗು, ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ರಾಮೇಶ್ವರಕ್ಕೆ ಹೋದವರುಂಟೇ ಎಂದರು. ಯಜಮಾನರು ನನ್ನ ಕಡೆ ನೋಡಿ, ಹೂಂ, ಇವಳಿಲ್ಲದೆ ಹೇಗೆ, ಅಡಿಗೆ ಯಾರು ಮಾಡ್ತಾರೆ ಎಂದರು.

ಆ ಹೂಂ ಅನ್ನುವುದನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ. ನಮ್ಮ ತಂದೆ ದೇವಸ್ಥಾನದ ಅರ್ಚಕರು. ನಾನು ಹುಟ್ಟಿದ ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಶಾಲೆ, ಶಾಲೆಯಿಂದ ಮತ್ತೆ ಮನೆ, ಇಷ್ಟರಲ್ಲೇ ಇಪ್ಪತ್ತೆರಡು ವರ್ಷ ಓಡಾಡಿದವಳು. ಮದುವೆಯಾದ ಮೇಲೂ ಅದೇ ಊರಿನಲ್ಲೇ ಬಾಡಿಗೆ ಮನೆ. ಅವರು ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಬರುತ್ತಿದ್ದರು. ನನಗೆ ಸಮುದ್ರ ನೋಡಬೇಕಿತ್ತು. ದಡದಲ್ಲಿ ಸೆರಗು ಹಿಡಿದು ನಿಂತು ಕಾಲು ತೋಯಿಸಿಕೊಂಡು ವಾಪಸು ಬರುವ ಹಾಗಲ್ಲ; ಅದರ ಮೇಲೆ ಕೂತು, ಬೆಳಿಗ್ಗೆ ಎದ್ದು ಅದರ ಮೇಲೇ ಕಾಫಿ ಕಾಸಬೇಕಿತ್ತು. ಇಷ್ಟು ಆಸೆ ನನ್ನೊಳಗಿತ್ತು ಎಂದು ದೋಣಿ ಬರುವ ತನಕ ನನಗೇ ತಿಳಿದಿರಲಿಲ್ಲ.

ಕೆರೆ ತುಂಬಿದ ಸುದ್ದಿ ಕೇಳಿ ದೋಣಿ ಮಾಲೂರಿನಿಂದ ಬಂತು. ಅದೇ ಸಮಯಕ್ಕೆ ವರ್ಕ್‌ಶಾಪ್ ಮೇಷ್ಟ್ರನ್ನು ಮೂರು ತಿಂಗಳ ತರಬೇತಿಗೆಂದು ಮದರಾಸಿಗೆ ಹಾಕಿದರು. ಹೋಗುವ ಮುಂಚೆ ಅವರು ನನಗೊಂದು ಒಲೆ ಮಾಡಿಕೊಟ್ಟರು. ಪಂಪ್ ಸ್ಟವ್ವನ್ನು ಕಬ್ಬಿಣದ ಬಳೆಯೊಳಗೆ ಕೂರಿಸಿ, ಆ ಬಳೆಯನ್ನು ಎರಡು ಕಡೆ ತಿರುಗಣಿಗೆ ನೇತುಹಾಕಿದ್ದರು. ದೋಣಿ ಎಷ್ಟೇ ವಾಲಲಿ, ಒಲೆ ಮಾತ್ರ ತೊಟ್ಟಿಲಿನ ಹಾಗೆ ತೂಗಿ ನೆಟ್ಟಗೇ ಇರುತ್ತಿತ್ತು. ಯಜಮಾನರು ಬಾಡಿಗೆ ಮನೆಗೆ ಬೀಗ ಹಾಕಿದರು. ದೋಣಿಯಲ್ಲೇ ಇದ್ದು ಅಭ್ಯಾಸ ಮಾಡಿಕೊಳ್ಳಬೇಕು, ಇಲ್ಲಿ ಆಗದ್ದು ಅಲ್ಲಿ ಆಗುವುದಿಲ್ಲ ಎಂದರು. ಬೆಳಿಗ್ಗೆ ಅವರು ಬಸ್ಸು ಹಿಡಿದರೆ ನಾನು ಅಮ್ಮನ ಮನೆಗೆ ನಡೆದು ಹೋಗಿ, ಒರಳಿನ ಕೆಲಸ ಇದ್ದರೆ ಮುಗಿಸಿಕೊಂಡು, ಸಂಜೆಗೆ ಕೆರೆಗೆ ವಾಪಸಾಗುತ್ತಿದ್ದೆ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ದಡಕ್ಕೆ ಕಾಲಿಡಬಾರದು ಎಂದು ನಿಯಮ. ಏರಿಯ ಮೇಲೆ ಜನ ನಿಂತು ನೋಡುತ್ತಿದ್ದರು. ಮೇಷ್ಟ್ರಿಗೆ ತಲೆ ಕೆಟ್ಟಿದೆ ಸರಿ, ಆ ಹುಡುಗಿಗೇನಾಗಿದೆ ಎಂದು ಕೇಳುತ್ತಿದ್ದರಂತೆ.

ಮೊದಲ ವಾರ ಅಡಿಗೆ ಅನ್ನುವುದು ಬರೀ ಗೋಳು. ಗೂಡಿನೊಳಗೆ ಎದ್ದು ನಿಲ್ಲುವ ಹಾಗಿಲ್ಲ. ಮಂಡಿಯ ಮೇಲೆ ಕೂತೇ ಎಲ್ಲ ಆಗಬೇಕು. ಮೊದಲ ದಿನ ಮನೆಯಲ್ಲಿ ಮಾಡುವ ಹಾಗೆ ಅನ್ನ, ಹುಳಿ, ಪಲ್ಯ ಎಂದು ಮೂರು ಪಾತ್ರೆ ಹೂಡಿದೆ. ಗಾಳಿ ಎದ್ದು, ಒಲೆಯಿಂದ ಇಳಿಸಿಟ್ಟ ಹುಳಿ ಮಡಿಲಿಗೆ ಬಂತು. ಒಗ್ಗರಣೆಯ ಎಣ್ಣೆಗೆ ಬೆಂಕಿ ಹತ್ತಿ, ಗೂಡಿನ ಬಾಯಿಯ ಮೇಲೆ ತೂಗುತ್ತಿದ್ದ ಹಾಯಿಯ ಅಂಚಿಗೆ ತೂತು ಬಿತ್ತು. ಇನ್ನು ಮೇಲೆ ಹಾಯಿ ಎತ್ತಿದಾಗ ಒಗ್ಗರಣೆ ಕೂಡದು ಎಂದು ಯಜಮಾನರ ಅಪ್ಪಣೆಯಾಯಿತು. ಒಗ್ಗರಣೆ ಇಲ್ಲದ ಅಡಿಗೆ ತಿನ್ನುವುದಕ್ಕಿಂತ ಈಜಿ ದಡ ಸೇರುವುದೇ ಮೇಲು ಎಂದು ನಾನೆಂದೆ. ಆಮೇಲೆ ಒಂದು ಉಪಾಯ ಹೊಳೆಯಿತು. ಅಮ್ಮನ ಮನೆಯಲ್ಲೇ ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವು ಹಾಕಿ ಚೆನ್ನಾಗಿ ಕಾಯಿಸಿ ಆರಿಸಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿಕೊಂಡೆ. ಒಂದು ಚಮಚ ಬೆರೆಸಿದರೆ ಮುಗಿಯಿತು. ಹತ್ತು ದಿನವಾದರೂ ಕೆಡಲಿಲ್ಲ.

ಹೀಗೆ ಒಂದೊಂದೇ ಕಲಿತೆ. ಸೀಮೆಎಣ್ಣೆ ಉಳಿಸಬೇಕಾದರೆ ಅಕ್ಕಿ ಅರ್ಧ ಗಂಟೆ ನೆನೆಸಿ, ಚಿಕ್ಕ ಕುಕ್ಕರಿನಲ್ಲಿ ಒಂದೇ ಸೀಟಿ ಕೂಗಿಸಿ, ಹಾಗೇ ಇಳಿಸಿ ಕಂಬಳಿಯಲ್ಲಿ ಸುತ್ತಿಟ್ಟರೆ ಸಾಕು. ಉಳಿದದ್ದನ್ನು ಬಿಸಿಯೇ ನೋಡಿಕೊಳ್ಳುತ್ತದೆ. ತರಕಾರಿ ಮೂರು ದಿನಕ್ಕೆ ಬಾಡುತ್ತದೆ, ಆದ್ದರಿಂದ ಹೆಸರುಕಾಳು, ಹುರುಳಿಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕಂಬದ ನೆರಳಿಗೆ ನೇತುಹಾಕಿ ಮೊಳಕೆ ಬರಿಸಬೇಕು. ಮೊಸರು ಅಲುಗಾಡಿದರೆ ಹೆಪ್ಪಾಗುವುದಿಲ್ಲ; ಕಂಠಕ್ಕೆ ಹಗ್ಗ ಕಟ್ಟಿದ ತಂಬಿಗೆಯಲ್ಲಿ ಹಾಲಿಗೆ ಹೆಪ್ಪು ಹಾಕಿ ಒಲೆಯ ಪಕ್ಕದ ಕೊಂಡಿಗೆ ತೂಗುಬಿಟ್ಟ ಮೇಲೆ ಗಟ್ಟಿಯಾಯಿತು. ಗಾಳಿ ಜೋರಾಗಿ ಒಲೆ ಹಚ್ಚಲು ಆಗದ ದಿನಕ್ಕೆ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ರವೆಯ ಹಾಗೆ ಕುಟ್ಟಿಟ್ಟುಕೊಂಡಿದ್ದರೆ ಹುಣಸೆ ರಸ, ಬೆಲ್ಲ, ಸಾರಿನಪುಡಿ ಕಲಸಿ ಅರ್ಧ ಗಂಟೆ ಮುಚ್ಚಿಟ್ಟರಾಯಿತು, ಮೇಲೆ ಡಬ್ಬಿಯ ಒಗ್ಗರಣೆ. ರಾಗಿಯ ಹುರಿಹಿಟ್ಟಿಗೆ ಮಜ್ಜಿಗೆ ಸುರಿದರೆ ಬೆಳಗಿನ ಹೊಟ್ಟೆ ತುಂಬುತ್ತದೆ. ಎಲ್ಲಕ್ಕಿಂತ ಕೈಹಿಡಿದದ್ದು ಮೆಂತ್ಯದ ಹಿಟ್ಟು. ಬೇಳೆ, ಕಾಳು, ಮೆಂತ್ಯ ಹುರಿದು ಬೀಸಿದ ಆ ಪುಡಿಯನ್ನು ಬಿಸಿ ಅನ್ನಕ್ಕೆ ಎಣ್ಣೆಯ ಜೊತೆ ಕಲಸಿದರೆ ಹುಳಿಯೂ ಬೇಡ, ಪಲ್ಯವೂ ಬೇಡ. ಕೆರೆಯ ಅಂಚಿನಲ್ಲಿ ಹೊನಗೊನ್ನೆ ಸೊಪ್ಪು ದಂಡಿಯಾಗಿ ಬೆಳೆದಿತ್ತು. ದೋಣಿಯಿಂದಲೇ ಬಗ್ಗಿ ಕೊಯ್ದರೆ ಪಲ್ಯಕ್ಕಾಯಿತು. ಒಂದು ಗೆರೆಯ ಪುಸ್ತಕದಲ್ಲಿ ಇಬ್ಬರಿಗೆ ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ನೀರು, ಯಾವುದು ಎಷ್ಟು ದಿನ ಕೆಡದೆ ಇತ್ತು ಎಂದು ಬರೆದಿಡುತ್ತಿದ್ದೆ. ಇಬ್ಬರಿಗೆ ಎಂದು ಬರೆಯುವಾಗ ಆ ಇಬ್ಬರು ಯಾರು ಎಂಬ ಅನುಮಾನ ನನಗಿರಲಿಲ್ಲ.

ಮೊದಲ ತಿಂಗಳಲ್ಲೇ ಒಂದು ಭಾನುವಾರ, ನಡು ಕೆರೆಯಲ್ಲಿರುವಾಗ, ನಾನು ಹೊರಗಾದೆ. ನಮ್ಮ ಮನೆಗಳಲ್ಲಿ ಆ ಮೂರು ದಿನ ಹೆಂಗಸು ಒಲೆ ಮುಟ್ಟುವುದಿಲ್ಲ, ನೀರಿನ ಕೊಡ ಮುಟ್ಟುವುದಿಲ್ಲ, ಹಿತ್ತಲ ಕಡೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಬೇರೆ ಕೂರುತ್ತಾಳೆ. ಅಮ್ಮ ಹಾಗಿದ್ದಳು, ಅಜ್ಜಿ ಹಾಗಿದ್ದಳು. ನಾನು ಅದನ್ನು ಎಂದೂ ಮೀರಿದವಳಲ್ಲ. ದಡಕ್ಕೆ ಬಿಡಿ, ಅಮ್ಮನ ಮನೆಗೆ ಹೋಗ್ತೀನಿ ಎಂದೆ. ಅವರು ಚುಕ್ಕಾಣಿ ಹಿಡಿದು ಕೂತಿದ್ದವರು ನಕ್ಕುಬಿಟ್ಟರು.

“ಸಮುದ್ರದ ಮಧ್ಯೆ ಆದ್ರೆ ಎಲ್ಲಿಗೆ ಹೋಗ್ತೀಯ? ಬೇರೆ ಕೂರೋಕೆ ಇಲ್ಲಿ ಜಾಗ ಎಲ್ಲಿದೆ ಹೇಳು. ಅಡಿಗೆ ಮಾಡು. ನಾನು ಊಟ ಮಾಡ್ತೀನಿ.”

ಸ್ಟವ್ವಿನ ಪಿನ್ನು ನನ್ನ ಕೈಯಿಂದ ಎರಡು ಸಲ ಜಾರಿ ಬಿತ್ತು. ಅನ್ನ ಮಾಡಿ, ಟೊಮೆಟೊ ಹಿಸುಕಿ ತಿಳಿಸಾರು ಕುದಿಸಿದೆ. ಅವರು ತಟ್ಟೆ ಹಿಡಿದು ಕೂತು ಎರಡು ಸಲ ಹಾಕಿಸಿಕೊಂಡು ಉಂಡರು. ಆಕಾಶ ಬೀಳಲಿಲ್ಲ, ದೋಣಿ ಮುಳುಗಲಿಲ್ಲ. ಆಮೇಲೆ ನಾನೂ ಅದೇ ಪಾತ್ರೆಯಿಂದ ಬಡಿಸಿಕೊಂಡೆ. ಹದಿಮೂರನೇ ವಯಸ್ಸಿನಿಂದ ಬೆನ್ನ ಮೇಲೆ ಹೊತ್ತಿದ್ದ ಏನನ್ನೋ ಕೆಳಗಿಟ್ಟ ಹಾಗಾಯಿತು. ಅಂದು ನಾನು ಅತ್ತುಬಿಟ್ಟೆ. ಖುಷಿಗೆ ಅತ್ತೆ. ಇದು ನಮ್ಮಿಬ್ಬರಲ್ಲೇ ಇರಲಿ ಎಂದೆ. ಇನ್ಯಾರಿಗೆ ಹೇಳ್ತೀನಿ, ಹುಚ್ಚಿ ಎಂದರು. ಏಳು ಹೆಜ್ಜೆ ತುಳಿದ ದಿನ ನಾನು ಅವರನ್ನು ಅಷ್ಟು ನಂಬಿರಲಿಲ್ಲ, ಆವತ್ತು ನಂಬಿದೆ. ಮುಂದಿನ ಎರಡು ತಿಂಗಳೂ ಹಾಗೇ ನಡೆಯಿತು.

ಡಿಸೆಂಬರಿನ ಕೊನೆಗೆ, ಅವರೆಕಾಯಿಯ ಕಾಲ, ಯಜಮಾನರು ಸಮುದ್ರಕ್ಕೆ ಬೇಕಾದ ಸಾಮಾನಿನ ಪಟ್ಟಿ ಬರೆದುಕೊಟ್ಟರು. ನನ್ನ ಗೆರೆಯ ಪುಸ್ತಕ ನೋಡಿಯೇ ಬರೆದದ್ದು. ಇಬ್ಬರಿಗೆ, ನಲವತ್ತು ದಿನಕ್ಕೆ. ಮೆಂತ್ಯದ ಹಿಟ್ಟು, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಮಜ್ಜಿಗೆ ಮೆಣಸಿನಕಾಯಿ, ಎಲ್ಲ ಸರಿಯಾಗಿತ್ತು. ಚಟ್ನಿಪುಡಿಯ ಮುಂದೆ ಮಾತ್ರ, ಅರ್ಧ ಭಾಗ ಬೆಳ್ಳುಳ್ಳಿ ಹಾಕಿ, ಎಂದು ಬರೆದಿತ್ತು.

ನಮ್ಮ ಮನೆಗೆ ಬೆಳ್ಳುಳ್ಳಿ ಬರುವುದಿಲ್ಲ. ನಾನು ತಿನ್ನುವುದಿಲ್ಲ, ಅವರೂ ತಿನ್ನುವುದಿಲ್ಲ. ಅದರ ವಾಸನೆಗೇ ಮೂಗು ಮುಚ್ಚುವ ಮನುಷ್ಯ. ಕೈತಪ್ಪಿ ಬರೆದಿರಬೇಕು ಎಂದುಕೊಂಡು ಪಟ್ಟಿ ತೋರಿಸಿ, ಇದು ಯಾರಿಗೆ ರೀ ಎಂದೆ. ಅವರು ಹಗ್ಗದ ಗಂಟು ಬಿಚ್ಚುತ್ತಿದ್ದರು, ಬಿಚ್ಚುತ್ತಲೇ ಇದ್ದರು. ವರ್ಕ್‌ಶಾಪ್ ಮೇಷ್ಟ್ರಿಗೆ ಬೆಳ್ಳುಳ್ಳಿ ಇಲ್ಲದೆ ತುತ್ತು ಇಳಿಯುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಮಾಲೂರಿನ ಶೆಡ್ಡಿಗೆ ನಾನು ಬುತ್ತಿ ಒಯ್ದಾಗಲೆಲ್ಲ, ದೋಣಿಯಲ್ಲಿ ಮಾಂಸ ಮೀನು ಬಿಡ್ತೀನಿ, ಅದೊಂದು ಬಿಡೋಕಾಗಲ್ಲ ಅಕ್ಕ ಎಂದು ಅವರು ತಮಾಷೆ ಮಾಡುತ್ತಿದ್ದರು. ದೋಣಿಯಲ್ಲಿ ಎಂದು ಅವರು ಹೇಳಿದಾಗ ಯಾವ ದೋಣಿ, ಯಾವಾಗ ಎಂದು ನಾನು ಕೇಳಿರಲಿಲ್ಲ.

“ಸಮುದ್ರ ಕೆರೆ ಅಲ್ಲ ಕಣೇ. ಹಗ್ಗ ಎಳೆಯೋಕೆ ಗಂಡಸು ಬೇಕು. ನೀನು ರೈಲಲ್ಲಿ ರಾಮೇಶ್ವರಕ್ಕೆ ಬಾ, ಅಲ್ಲಿ ಸೇರ್ಕೋಬಹುದು,” ಎಂದರು.

ನಾನು ಗೂಡಿನೊಳಗೆ ಹೋಗಿ ನನ್ನ ಹಲಗೆಯ ಮೇಲೆ ಕೂತೆ. ಆರೂಕಾಲು ಅಡಿಯ ಹಲಗೆ. ನಾನು ಐದಡಿಯವಳು. ಮೂರು ತಿಂಗಳಿನಿಂದ ನನ್ನ ಕಾಲ ಬುಡದಲ್ಲಿ ಉಳಿದ ಜಾಗಕ್ಕೆ ಅಕ್ಕಿ ಡಬ್ಬಿ, ಬೇಳೆ ಡಬ್ಬಿ ಜೋಡಿಸಿಕೊಂಡು, ನೋಡಿ, ಡಬ್ಬಿಗಳಿಗೆಂದೇ ಜಾಗ ಬಿಟ್ಟಿದ್ದಾರೆ ಎಂದು ಹಿಗ್ಗಿದ್ದೆ. ಅದು ಎರಡು ವರ್ಷದ ಹಿಂದೆ ಮಾಲೂರಿನಲ್ಲಿ ಆ ಎತ್ತರದ ಮನುಷ್ಯನ ಮೈ ಅಳೆದು ಕತ್ತರಿಸಿದ ಹಲಗೆ. ನಾನು ಹೋಗುವವಳು ಎಂದೂ ಆಗಿರಲಿಲ್ಲ. ವರ್ಕ್‌ಶಾಪ್ ಮೇಷ್ಟ್ರು ತರಬೇತಿಗೆ ಹೋದ ಮೂರು ತಿಂಗಳು ಅವರ ಜಾಗ ತುಂಬಲು, ಯಾವ ಪುಡಿ ಎಷ್ಟು ದಿನ ಇರುತ್ತದೆ ಎಂದು ಕಂಡುಹಿಡಿದು ಬರೆದುಕೊಡಲು ಯಜಮಾನರು ನನ್ನನ್ನು ಇಟ್ಟುಕೊಂಡಿದ್ದರು. ಅತ್ತೆಯ ಎದುರು ಹೂಂ ಎಂದದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಅಂದು ಅವರನ್ನು ಕೆರೆಗೆ ತಳ್ಳಬೇಕು ಅನ್ನಿಸಿತು. ಅವರಿಗೆ ಈಜು ಬರುತ್ತಿತ್ತು, ಅದೊಂದಕ್ಕೇ ತಳ್ಳಲಿಲ್ಲ.

ಮಾರನೆಯ ದಿನ ಅಮ್ಮನ ಮನೆಯಿಂದ ಅತ್ತೆಗೆ ಒಂದು ಕಾಗದ ಬರೆದೆ. ನೀವು ಹೇಳಿದ್ದನ್ನು ನಿಮ್ಮ ಮಗ ನಡೆಸುತ್ತಿಲ್ಲ, ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ, ನೀವೇ ಹೇಳಬೇಕು ಎಂದು. ಸೊಸೆ ಅತ್ತೆಗೆ ಗಂಡನ ಮೇಲೆ ಚಾಡಿ ಬರೆಯುವುದು ನಮ್ಮಲ್ಲಿಲ್ಲ. ಬರೆದೆ. ನಾಲ್ಕನೆಯ ದಿನ ಶ್ರೀನಿವಾಸಪುರದಿಂದ ಯಜಮಾನರಿಗೆ ಕಾರ್ಡು ಬಂತು. ಹೆಂಡತಿ ಬಾರದಿದ್ದರೆ ನೀನೂ ಹೋಗಕೂಡದು, ರಾಮೇಶ್ವರ ನಿನ್ನ ಆಟದ ಸಾಮಾನಲ್ಲ, ಇಷ್ಟೇ ಇತ್ತು. ಅದನ್ನು ಓದಿ ಅವರ ಮುಖ ಕಪ್ಪಿಟ್ಟಿತು. ತಾಯಿ ಬೇಡ ಎಂದ ಕೆಲಸ ಮಾಡಿ ಅಭ್ಯಾಸವಿಲ್ಲದ ಮಗ ಅವರು. ನಾನು ಗೆದ್ದೆ ಎಂದುಕೊಂಡೆ. ಆ ಭಾನುವಾರ ಹಿತಕಿದ ಬೇಳೆಯ ಸಾರು ಮಾಡಿ, ಅವರು ಮಾತಾಡದಿದ್ದರೂ ಒಬ್ಬಳೇ ಹಾಡಿಕೊಂಡು ಪಾತ್ರೆ ತೊಳೆದೆ.

ಸೋಮವಾರ ಅವರು ಕೋಲಾರಕ್ಕೆ ಹೋಗದೆ ಶ್ರೀನಿವಾಸಪುರದ ಬಸ್ಸು ಹತ್ತಿದರು. ಬುಧವಾರ ಅತ್ತೆಯನ್ನು ಜೊತೆಗೆ ಕರೆದುಕೊಂಡೇ ಬಂದರು. ನಮ್ಮ ಬಾಡಿಗೆ ಮನೆಯ ಬೀಗ ತೆಗೆದು, ನನ್ನನ್ನು ಕೆರೆಯಿಂದ ಕರೆಸಿದರು. ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಯಜಮಾನರು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ನಾನು ನಮಸ್ಕಾರ ಮಾಡಿ ಏಳುವ ಮೊದಲೇ ಅತ್ತೆ ಕೇಳಿದರು.

“ದೋಣೀಲಿ ಆ ಮೂರು ದಿನಾನೂ ಒಲೆ ಮುಟ್ಟಿದ್ಯಂತೆ. ನಿಜವೇನೆ?”

ನಾನು ಯಜಮಾನರ ಕಡೆ ನೋಡಿದೆ. ಒಂದು ಸಲ ತಿರುಗಿ ನೋಡಲಿ, ಸಾಕು ಎಂದು ಕಾದೆ. ತಿರುಗಲಿಲ್ಲ. ಕುತ್ತಿಗೆಯ ಹಿಂಭಾಗ ಮಾತ್ರ ಕೆಂಪಾಗಿತ್ತು. ಅಡಿಗೆ ಮಾಡು ಎಂದವರು ಅವರು, ಎರಡು ಸಲ ಹಾಕಿಸಿಕೊಂಡವರು ಅವರು, ಯಾರಿಗೆ ಹೇಳ್ತೀನಿ ಹುಚ್ಚಿ ಎಂದವರು ಅವರು. ಹೌದು, ನಿಮ್ಮ ಮಗನೂ ಉಂಡಿದ್ದಾರೆ ಎಂದೆ. ನನ್ನ ದನಿ ನಡುಗಲಿಲ್ಲ ಎಂಬುದು ಇವತ್ತಿಗೂ ನನಗೆ ಸಮಾಧಾನ.

ಅತ್ತೆ ನನ್ನನ್ನೂ ಮಗನ ಬೆನ್ನನ್ನೂ ನೋಡಿದರು. ಆಮೇಲೆ ತೆಲುಗಿನಲ್ಲಿ, “ವದ್ದು,” ಎಂದರು. ಬೇಡ. ಸೊಸೆ ಹೋಗುವುದು ಬೇಡ, ಅವನು ಬೇಕಾದರೆ ಹೋಗಲಿ. ಅಷ್ಟೇ. ಬೈಯಲಿಲ್ಲ, ಪ್ರಾಯಶ್ಚಿತ್ತದ ಮಾತೆತ್ತಲಿಲ್ಲ. ಅದು ನನಗೆ ಆಗ ಲಕ್ಷ್ಯಕ್ಕೇ ಬರಲಿಲ್ಲ. ಇಬ್ಬರೂ ಸೇರಿ ನನ್ನ ಬಾಗಿಲು ಮುಚ್ಚಿದರು ಎಂಬುದಷ್ಟೇ ತಿಳಿಯಿತು.

ಸಾಮಾನನ್ನೆಲ್ಲ ನಾನೇ ಮಾಡಿಕೊಟ್ಟೆ. ಅಮ್ಮ ಬೇಡ ಎಂದಳು, ಉಪವಾಸ ಬಿದ್ದಿರಲಿ ಬಿಡು ಎಂದಳು. ಪ್ರೀತಿಯಿಂದ ಮಾಡಿದೆ ಎಂದು ಸುಳ್ಳು ಹೇಳುವುದಿಲ್ಲ. ನನ್ನ ಪುಡಿಗಳು ಉಪ್ಪುಗಾಳಿಯಲ್ಲಿ ಎಷ್ಟು ದಿನ ತಡೆಯುತ್ತವೆ ಎಂದು ನನಗೆ ಗೊತ್ತಾಗಬೇಕಿತ್ತು. ಕೆರೆಯ ಮೇಲೆ ಕೂತು ಮೂರು ತಿಂಗಳು ಬರೆದದ್ದು ಸರಿಯೋ ತಪ್ಪೋ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ಒಂದೊಂದು ಡಬ್ಬಿಯ ಮೇಲೂ ಅರಗು ಸುರಿದು ಬಿಗಿ ಮಾಡಿದೆ. ಬೆಳ್ಳುಳ್ಳಿ ಮಾತ್ರ ಹಾಕಲಿಲ್ಲ. ಲಾರಿ ಬಂದು ದೋಣಿ ಹೇರಿಕೊಂಡು ಹೋದಾಗ ನಾನು ನೋಡಲು ಹೋಗಲಿಲ್ಲ. ಕೆರೆಯ ಏರಿಯ ಮೇಲೆ ಊರೇ ನೆರೆದಿತ್ತಂತೆ.

ಅವರು ರಾಮೇಶ್ವರ ಮುಟ್ಟಲಿಲ್ಲ. ಪಾಂಡಿಚೇರಿ ದಾಟಿ ಎಲ್ಲೋ ಒಂದು ಕಡೆ ದೋಣಿಯ ತಳ ಬಂಡೆಗೆ ಬಡಿದು ಬಿರುಕು ಬಿಟ್ಟಿತು. ಅದನ್ನು ಅಲ್ಲಿಯ ಬೆಸ್ತರಿಗೆ ಬಿಟ್ಟು, ಹತ್ತೊಂಬತ್ತನೆಯ ದಿನ ಇಬ್ಬರೂ ಬಸ್ಸಿನಲ್ಲಿ ವಾಪಸು ಬಂದರು. ಮುಖ ಸುಟ್ಟು ಕರಕಲಾಗಿತ್ತು. ವರ್ಕ್‌ಶಾಪ್ ಮೇಷ್ಟ್ರು ಬಾಗಿಲಲ್ಲೇ ನಿಂತು, ನಿಮ್ಮ ಮೆಂತ್ಯದ ಹಿಟ್ಟು ಕೊನೇ ದಿನಕ್ಕೂ ಇವತ್ತು ಬೀಸಿದ ಹಾಗೇ ಇತ್ತು ಅಕ್ಕ ಎಂದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಯಜಮಾನರು ನನಗೆ ಯಾವ ಮಾತು ಕೊಟ್ಟಿದ್ದರೆಂದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡೆ. ಸರಿಯಾಗಿಯೇ ಮಾಡಿದ್ದೆ, ಎಲ್ಲ ಸರಿಯಾಗಿಯೇ ಮಾಡಿದ್ದೆ.

ಸಂಸಾರ ಮುರಿಯಲಿಲ್ಲ. ಯಾರ ಸಂಸಾರ ಇಷ್ಟಕ್ಕೆ ಮುರಿಯುತ್ತದೆ? ಕೋಲಾರದಲ್ಲಿ ಮನೆ ಮಾಡಿದೆವು. ಒಬ್ಬಳು ಮಗಳು ಹುಟ್ಟಿದಳು. ಮನೆಗೆ ಯಾರು ಬಂದರೂ ಯಜಮಾನರು ದೋಣಿಯ ಕಥೆ ಹೇಳುತ್ತಿದ್ದರು. ಒಗ್ಗರಣೆಯನ್ನು ಡಬ್ಬಿಯಲ್ಲಿ ತುಂಬಿದೆವು, ಮೊಸರನ್ನು ತೂಗುಬಿಟ್ಟೆವು, ಮೊಳಕೆಕಾಳು ಕಂಬಕ್ಕೆ ಕಟ್ಟಿದೆವು. ಬಂದವರು ಮೇಷ್ಟ್ರ ತಲೆಗೆ ಬೆರಗಾಗುತ್ತಿದ್ದರು. ನಾನು ಕಾಫಿ ಕೊಟ್ಟು ಒಳಗೆ ಬರುತ್ತಿದ್ದೆ. ಅಂದು ನಿಮ್ಮಮ್ಮನಿಗೆ ಯಾಕೆ ಹೇಳಿದಿರಿ ಎಂದು ಒಂದೇ ಒಂದು ಸಲ ಕೇಳಿದೆ. ಹಳೇದನ್ನ ಯಾಕೆ ಕೆದಕ್ತೀಯ ಎಂದರು. ಆಮೇಲೆ ಕೇಳಲಿಲ್ಲ. ಆದರೆ ಅವರಿಗೆ ಏನನ್ನಾದರೂ ಹೇಳುವ ಮುಂಚೆ, ಇದು ಯಾವತ್ತೋ ಒಂದು ದಿನ ನನ್ನ ಮೇಲೇ ತಿರುಗಬಹುದು ಎಂದು ಯೋಚಿಸುವುದು ನನಗೆ ರೂಢಿಯಾಯಿತು. ಗಂಡನ ಹತ್ತಿರ ಹಾಗೆ ಬಾಯಿ ಕಟ್ಟಿಕೊಂಡು ಬಾಳುವುದು ಎಷ್ಟು ಒಣ ಬಾಳು ಎಂದು ಬಾಳಿದವರಿಗೇ ಗೊತ್ತು.

ಅತ್ತೆಯ ಮೇಲೂ ಸಿಟ್ಟು ಆರಲಿಲ್ಲ. ಮಡಿ ಮೈಲಿಗೆ ಎಂದು ನನ್ನ ಸಮುದ್ರವನ್ನು ಕಿತ್ತುಕೊಂಡವರು ಅವರೇ ಎಂದು ಹಿಡಿದುಕೊಂಡಿದ್ದೆ. ಎಂಬತ್ತರ ದಶಕದ ನಡುವೆ, ಮಾವನವರು ಹೋದ ಮೇಲೆ, ಅವರು ನಮ್ಮ ಮನೆಗೇ ಬಂದು ಉಳಿದರು. ಅವರಿಗೆ ಬೇಕಾದದ್ದನ್ನೆಲ್ಲ ಮಾಡಿದೆ. ಮಾತು ಮಾತ್ರ ಅಳೆದು ಸುರಿದ ಹಾಗೆ ಆಡುತ್ತಿದ್ದೆ.

ಒಂದು ಮಧ್ಯಾಹ್ನ ಜಗುಲಿಯಲ್ಲಿ ಇಬ್ಬರೂ ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ನಾನು ಹೊರಗಾಗಿದ್ದೆ, ಹಾಗೆಂದು ಅವರಿಗೂ ಗೊತ್ತಿತ್ತು. ಅತ್ತೆ ಬರುವ ಮುಂಚೆ ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ, ಹಾಗಾಗಿ ಕೋಲಾರಕ್ಕೆ ಬಂದ ಮೇಲೆ ನಾನು ಬೇರೆ ಕೂರುವುದನ್ನು ಬಿಟ್ಟಿದ್ದೆ; ಅವರು ಒಂದು ದಿನವೂ ಏನೂ ಅಂದಿರಲಿಲ್ಲ. ಆವತ್ತು ಅವರೆಕಾಳಿನ ಬಟ್ಟಲನ್ನು ನನ್ನ ಕಡೆ ತಳ್ಳಿದಾಗ ನನಗೆ ಇದ್ದಕ್ಕಿದ್ದ ಹಾಗೆ ರೇಗಿತು. ಇವತ್ತು ಮುಟ್ಟಬಹುದಾದರೆ ಅವತ್ತು ಯಾಕೆ ಬೇಡ ಎಂದಿರಿ ಎಂದು ಕೇಳಿಯೇಬಿಟ್ಟೆ. ಏಳೆಂಟು ವರ್ಷದ ಮಾತು ಅದು.

ಅವರು ಯಾವುದರ ಮಾತು ಎಂದು ಕೇಳಲಿಲ್ಲ. ಕೈ ನಿಲ್ಲಿಸಿದರು.

“ಒಲೆ ಮುಟ್ಟಿದ್ದಕ್ಕೆ ಬೇಡ ಅಂದೆ ಅಂದ್ಕೊಂಡಿದ್ಯಾ? ಅಯ್ಯೋ ಪೆದ್ದಿ. ಕಾರ್ಡು ಬರೆದೋಳು ನಾನೇ ಅಲ್ವೇನೆ. ಅವನು ಬಂದು, ನಿನ್ನ ಗುಟ್ಟು ನನ್ನ ಮುಂದೆ ಇಟ್ಟು ತನ್ನ ಕೆಲಸ ಮಾಡಿಸ್ಕೊಳ್ಳೋಕೆ ನೋಡ್ದ. ಹೆತ್ತ ಮಗ ಆದ್ರೇನು? ಹೆಂಡ್ತೀನ ಹೀಗೆ ಬಿಟ್ಟುಕೊಡೋನ ಜೊತೆ ನಲವತ್ತು ದಿನ ನೀರಿನ ಮೇಲೆ ಹೇಗೆ ಕಳಿಸ್ಲಿ ಅನ್ನಿಸ್ತು. ನಾಳೆ ಅಲೆ ಎದ್ದಾಗ ಅವನು ಯಾರ ಕೈ ಹಿಡೀತಾನೆ?”

ನನ್ನ ಬೆರಳ ಸಂದಿಯಿಂದ ಬೇಳೆ ಜಾರಿ ನೆಲಕ್ಕೆ ಬಿತ್ತು. ಆ ಹೆಂಗಸನ್ನು ನಾನು ಅಷ್ಟು ವರ್ಷ ತಪ್ಪು ತಿಳಿದಿದ್ದೆ. ಕಾಲು ಹಿಡಿಯಬೇಕು ಅನ್ನಿಸಬೇಕಿತ್ತು. ಆದರೆ ನನಗೆ ಬಂದದ್ದು ಹೊಸ ಸಿಟ್ಟು. ಅವರು ನನ್ನ ಕಡೆಯೇ ಇದ್ದರು, ಇದ್ದೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಗಂಡ ಒಂದು ಕಾರಣಕ್ಕೆ, ಅತ್ತೆ ಇನ್ನೊಂದು ಕಾರಣಕ್ಕೆ, ನನ್ನ ಬದುಕನ್ನು ನನ್ನ ತಲೆಯ ಮೇಲಿಂದಲೇ ತೀರ್ಮಾನಿಸಿ ಮುಗಿಸಿದ್ದರು.

ನನ್ನನ್ನು ಕೇಳಬಹುದಿತ್ತು ಅತ್ತೆ ಎಂದೆ. ಕೇಳಿದ್ದರೆ ಏನನ್ನುತ್ತಿದ್ದೆ ಎಂದರು. ಹೋಗುತ್ತಿದ್ದೆ ಎಂದೆ.

“ಅಂಥವನು ಅಂತ ಗೊತ್ತಾದ್ಮೇಲೂನಾ?”

“ಗೊತ್ತಾದ್ಮೇಲೂ ಹೋಗ್ತಿದ್ದೆ. ಅವರ ಜೊತೆ ಅಂತಲ್ಲ ಅತ್ತೆ. ನನಗೆ ಇದ್ದಿದ್ದು ಅದೊಂದೇ ದೋಣಿ.”

ಅತ್ತೆ ನೆಲಕ್ಕೆ ಬಿದ್ದ ಬೇಳೆಯನ್ನು ಒಂದೊಂದೇ ಆಯ್ದು ಬಟ್ಟಲಿಗೆ ಹಾಕಿದರು. ಹಾಗೆ ಒಂದು ಉತ್ತರ ಇರಬಹುದೆಂದು ಅವರಿಗೆ ಎಂದೂ ಹೊಳೆದಿರಲಿಲ್ಲ.